ತುಂಬಿದ ಲೆಕ್ಕ

"ಅಲ್ಲೇ ನಿಂತ್ಕೊಳಿ! ಒಂದ್ ಹೆಜ್ಜೆನೂ ಮುಂದೆ ಇಡ್ಬೇಡಿ!"

ಹರಿತಾಳ ಬಲಗಾಲು ಹೊಸ್ತಿಲ ಮೇಲೇ ನಿಂತುಬಿಟ್ಟಿತು.

ಒಳಗಿನಿಂದ ಓಡಿಬಂದ ಯುವಕ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಿದ್ದ. ಅಂಗಿಯ ತುಂಬ ಹಿಪ್ಪುನೇರಳೆ ಸೊಪ್ಪಿನ ಚೂರು... ಕಣ್ಣಲ್ಲಿ ಕೆಂಡದಂಥ ಕೋಪ!

"ಏನ್ರೀ ಇದು? ನಾನೇನು ಕಳ್ಳಿನಾ?"

"ಕೈಗೇನು ಹಚ್ಕೊಂಡಿದೀರಾ?"

"ಕೈಗಾ?... ಸೊಳ್ಳೆ ಕ್ರೀಮು."

"ಸರಿಹೋಯ್ತು! ಆ ಕೈಯಲ್ಲಿ ಒಂದ್ ಸೊಪ್ಪು ಮುಟ್ಟಿದ್ರೆ ಸಾಯಂಕಾಲದೊಳ್ಗೆ ಹುಳ ಎಲ್ಲಾ ಸತ್ತು ಮಲಗ್ತವೆ. ಈ ಮನೆ ಮುನಿಶಾಮಮ್ಮ ಇಪ್ಪತ್ತು ದಿನದಿಂದ ಮಕ್ಳಂಗೆ ಸಾಕಿರೋದು ಗೊತ್ತಾ?"

ಹರಿತಾ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. ಬೈಯಬೇಕೆಂದು ತೆರೆದ ಬಾಯಿ ಹಾಗೇ ಮುಚ್ಚಿತು. 'ಛೇ... ಬಂದ ಮೊದಲ ಮನೆಯಲ್ಲೇ ಹೀಗಾ?'

ಅವಳ ಮುಖ ಬಾಡಿದ್ದನ್ನು ನೋಡಿ ಅವನೂ ಸ್ವಲ್ಪ ತಣ್ಣಗಾದ. "ನಿಮ್ಗೆ ಗೊತ್ತಿರ್ಲಿಲ್ಲ ಅಲ್ವಾ? ಹೋಗ್ಲಿ ಬಿಡಿ. ಆ ತೊಟ್ಟಿ ಹತ್ರ ಕೈ ತೊಳ್ಕೊಂಡು ಆ ಕಲ್ಲಿನ್ ಮೇಲೆ ಕೂತ್ಕೊಳಿ. ಏನ್ ಬೇಕೋ ನಾನೇ ಹೇಳ್ತೀನಿ."

ಮೇಲೂರಿನ ಒಂದು ರೇಷ್ಮೆ ಹುಳುಮನೆಯ ಬಾಗಿಲಲ್ಲಿ ನಡೆದ ಈ ರಂಪಾಟವೇ ಅವರಿಬ್ಬರ ಮೊದಲ ಭೇಟಿ.

ಹರಿತಾ ಗೌರಿಬಿದನೂರಿನವಳು. ಎಂ.ಎಸ್ಸಿ ಸ್ಟಾಟಿಸ್ಟಿಕ್ಸ್, ಕೊನೆಯ ಸೆಮಿಸ್ಟರ್. ಅಪ್ಪ ರಮೇಶ್‌ಬಾಬು ಹೈಸ್ಕೂಲಿನ ಗುಮಾಸ್ತರು. ಅವರ ಮನೆಯಲ್ಲಿ ರೇಷ್ಮೆ ಎಂದರೆ ಬೀರುವಿನಲ್ಲಿ ಮಡಿಸಿಟ್ಟ ಅಮ್ಮನ ಮದುವೆ ಸೀರೆ, ಅಷ್ಟೇ. ಆದರೆ ಅವಳ ಥೀಸಿಸ್ಸು ಪೂರ್ತಿ ರೇಷ್ಮೆಯ ಮೇಲೆ. ರೈತರ ಮಾತಿನಲ್ಲಿ ಹೇಳುವುದಾದರೆ, ನೂರು ಮೊಟ್ಟೆ, ಅಂದರೆ ನೂರು ಚಿಟ್ಟೆಗಳಿಟ್ಟ ಮೊಟ್ಟೆ, ಸಾಕಿದರೆ ಎಷ್ಟು ಕೆಜಿ ಗೂಡು ಬರುತ್ತದೆ? ಹುಳುಮನೆಗೆ ಕಿಟಕಿ ಹೆಚ್ಚಿದ್ದು ಗಾಳಿ ಚೆನ್ನಾಗಿ ಆಡಿದರೆ ಅದು ಹೆಚ್ಚಾಗುತ್ತದೆಯೇ? ಇದಕ್ಕೆ ನೂರ ಇಪ್ಪತ್ತನಾಲ್ಕು ಮನೆಗಳ ಲೆಕ್ಕ ಬೇಕಿತ್ತು.

ಬಾಗಿಲಿಗೆ ಅಡ್ಡ ನಿಂತವನು ಕನಕರಾಜ್. ಚಿಂತಾಮಣಿ ಕಡೆಯ ಕೆಂಚಾರ್ಲಹಳ್ಳಿಯವನು. ಮರಿಹುಳುಗಳನ್ನು ಸಾಕಿ ರೈತರ ಮನೆಗೆ ತಲುಪಿಸುವ ಚಾಕಿ ಕೇಂದ್ರದಲ್ಲಿ ಕೆಲಸ. ಅವನು ಕಾಲಿಡದ ಹುಳುಮನೆ ಶಿಡ್ಲಘಟ್ಟ, ಚಿಂತಾಮಣಿ ಎರಡೂ ತಾಲ್ಲೂಕಿನಲ್ಲಿ ಇರಲಿಲ್ಲವೆನ್ನಿ.

"ನೂರ ಇಪ್ಪತ್ತನಾಲ್ಕು ಮನೆನಾ? ನೀವೊಬ್ರೇ? ಬಸ್ಸಲ್ಲಿ?" ಅವನು ನಕ್ಕೇಬಿಟ್ಟ. "ಅರ್ಧ ನನಗೆ ಕೊಡಿ. ಹೆಂಗೂ ಮನೆ ಮನೆಗೆ ಹೋಗ್ತಿರ್ತೀನಿ, ಕೇಳ್ಕೊಂಡು ಬರ್ತೀನಿ. ನೀವು ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ ಗೇಟಲ್ಲಿ ನಿಂತ್ಕೊಳಿ. ಮಾರಿ ಬರೋರನ್ನ ಅಲ್ಲೇ ಹಿಡೀರಿ."

"ನಿಮಗ್ಯಾಕೆ ಇಷ್ಟೊಂದು ತೊಂದ್ರೆ?"

"ಬೈದಿದ್ನಲ್ಲ... ಅದಕ್ಕೆ."

* * *

ಮೂರು ತಿಂಗಳು ಹೇಗೆ ಕಳೆದವೋ!

ಪ್ರತಿ ಶನಿವಾರ ಮಾರ್ಕೆಟ್ ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಕನಕರಾಜ್ ತುಂಬಿದ ಫಾರಂಗಳನ್ನು ತಂದುಕೊಡುತ್ತಿದ್ದ. ಅಂಕಿಗಳ ಪಕ್ಕದ ಖಾಲಿ ಜಾಗದಲ್ಲಿ ಪೆನ್ಸಿಲಿನಲ್ಲಿ ಏನಾದರೊಂದು ಗೀಚಿರುತ್ತಿದ್ದ. 'ಈ ಮನೆ ನಾಯಿ ಕಚ್ಚುತ್ತೆ. ನೀವು ಬಂದ್ರೆ ಹಿಂದಿನ ಬಾಗಿಲು.' 'ಈ ಅಜ್ಜಿ ಕಿಟಕಿ ಲೆಕ್ಕ ಯಾಕೆ, ಮದುವೆ ಸರ್ವೇನಾ ಅಂತ ಕೇಳಿದ್ರು. ಅಲ್ಲ ಅಂದೆ.'

ಆ 'ಅಲ್ಲ ಅಂದೆ'ಯನ್ನು ಹರಿತಾ ಎಷ್ಟು ಸಲ ಓದಿದಳೋ, ಲೆಕ್ಕಶಾಸ್ತ್ರದ ಹುಡುಗಿಯಾದರೂ ಅದರ ಲೆಕ್ಕ ಇಟ್ಟಿರಲಿಲ್ಲ.

'ಇದೆಲ್ಲ ಏನು? ಥೀಸಿಸ್ ಮುಗೀಲಿ ಮೊದಲು...' ಎಂದು ಮನಸ್ಸಿಗೆ ಗದರುವಳು. ಶನಿವಾರ ಬಂದರೆ ಮಾತ್ರ ಬಸ್ಸಿಗೆ ಅರ್ಧ ಗಂಟೆ ಮೊದಲೇ ಬಂದು ನಿಲ್ಲುವಳು. ನಿಂತಲ್ಲಿ ನಿಲ್ಲಲಾಗದೆ, ಕೂತಲ್ಲಿ ಕೂರಲಾಗದೆ!

ಪ್ರೀತಿಗೆ ಕಣ್ಣಿಲ್ಲ ಅನ್ನುತ್ತಾರೆ. ಹರಿತಾಳ ಪ್ರೀತಿಗೆ ಕಣ್ಣಿತ್ತು, ಕನ್ನಡಕವೂ ಇತ್ತು. ಇಲ್ಲದೆ ಹೋದದ್ದು ಕಿವಿ.

* * *

ಎಲ್ಲ ಅಂಕಿಗಳನ್ನೂ ಕಂಪ್ಯೂಟರಿಗೆ ಹಾಕಿದ ಬೆಳಿಗ್ಗೆ ಅವಳ ಎದೆ ಧಸಕ್ಕೆಂದಿತು.

ಯಾರನ್ನಾದರೂ ಇಳುವರಿ ಎಷ್ಟು ಎಂದು ಕೇಳಿ. 'ಎಪ್ಪತ್ತು', 'ಎಪ್ಪತ್ತೈದು', 'ಎಂಬತ್ತು' ಅನ್ನುತ್ತಾರೆ. ಜನ ಸೊನ್ನೆಗೋ ಐದಕ್ಕೋ ತಂದು ನಿಲ್ಲಿಸುವುದು ಸಹಜ. ಮಾರ್ಕೆಟ್ ಗೇಟಿನಲ್ಲಿ ಅವಳು ಕೇಳಿ ಬರೆದ ಅರವತ್ತೆರಡು ಮನೆಗಳೂ ಹಾಗೇ ಇದ್ದವು.

ಕನಕರಾಜ್ ತಂದ ಅರವತ್ತೆರಡರಲ್ಲಿ ಸೊನ್ನೆಯಲ್ಲಿ ಮುಗಿಯುವ ಅಂಕಿ ಒಂದೂ ಇರಲಿಲ್ಲ. ಐದೂ ಇಲ್ಲ! ಅರವತ್ತೊಂಬತ್ತು, ಎಪ್ಪತ್ನಾಲ್ಕು, ಎಪ್ಪತ್ತೊಂಬತ್ತು, ಎಂಬತ್ನಾಲ್ಕು... ನಡುನಡುವೆ ಬೇರೆ ನಾಲ್ಕೇ ನಾಲ್ಕು ಅಂಕಿ.

ಎಲ್ಲೋ ಓದಿದ್ದು ನೆನಪಾಯಿತು. ಕೂತಲ್ಲೇ ಅಂಕಿ ಸೃಷ್ಟಿಸುವವರು ಸೊನ್ನೆ, ಐದನ್ನು ಬೇಕೆಂದೇ ತಪ್ಪಿಸುತ್ತಾರೆ. ಅವು ಸುಳ್ಳಿನ ಹಾಗೆ ಕಾಣುತ್ತವೆಂಬ ಭಯ ಅವರಿಗೆ. ಪರೀಕ್ಷೆ ಮಾಡಿ ನೋಡಿದಳು. ಇಂಥ ಅಂಕಿಗಳು ತಾವಾಗಿ ಬರುವ ಸಂಭವ ಲಕ್ಷಕ್ಕೆ ಒಂದೂ ಇಲ್ಲ ಎಂದಿತು ಕಂಪ್ಯೂಟರು.

ಸಾಲದ್ದಕ್ಕೆ ಹದಿನಾಲ್ಕು ಫಾರಂಗಳ ಮೇಲೆ ಒಂದೇ ತಾರೀಕು. 'ಒಂದೇ ದಿನ ಹದಿನಾಲ್ಕು ಮನೆ?... ಹೇಗೆ ಸಾಧ್ಯ?'

ಅಂದರೆ ಅವನು ಹೋಗಿಯೇ ಇರಲಿಲ್ಲ. ಎಲ್ಲೋ ಕೂತು ಬರೆದು, ಪೆನ್ಸಿಲಿನಲ್ಲಿ ನಾಯಿ-ಅಜ್ಜಿಯರನ್ನು ಹುಟ್ಟಿಸಿ, ಶನಿವಾರ ಶನಿವಾರ ಅವಳ ಮುಂದೆ ನಗುತ್ತಾ...

ಅಳು ಬರುವ ಮೊದಲು ಕೋಪ ಬಂತು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರಲ್ಲ, ಆತುರಗಾರ್ತಿಗೂ ಅಷ್ಟೇ. ಮಧ್ಯಾಹ್ನದ ಬಸ್ಸು ಹಿಡಿದು ಶಿಡ್ಲಘಟ್ಟ ಬಸ್ ಸ್ಟ್ಯಾಂಡಿನಲ್ಲಿ ಅವನನ್ನು ಕರೆಸಿ ನಿಲ್ಲಿಸಿಯೇಬಿಟ್ಟಳು.

"ನಿಜ ಹೇಳಿ. ಎಷ್ಟು ಮನೆಗೆ ಹೋಗಿದ್ರಿ?"

ಕನಕರಾಜ್ ನಕ್ಕ. ಅವಳ ಮುಖ ನೋಡಿ ನಗು ನಿಂತಿತು. "ಅರವತ್ತೆರಡು. ಯಾಕೆ?"

"ಸುಳ್ಳು! ಈ ಅಂಕಿಗಳು ಕೂತು ಬರ್ದಿದ್ದು. ಟೆಸ್ಟ್ ಹೇಳ್ತಿದೆ."

ಕಾಲೇಜಿನ ಹುಡುಗಿಯರ ಗುಂಪೊಂದು ಅವರತ್ತ ತಿರುಗಿ ನೋಡಿತು. ಅವನ ಕಿವಿ ಕೆಂಪಾಯಿತು.

"ಟೆಸ್ಟ್ ಬಿಡಿ. ನಿಮ್ಗೇ ಅನ್ಸುತ್ತಾ... ನಾನು ನಿಮ್ಗೆ ಸುಳ್ಳು ಬರ್ಕೊಟ್ಟೆ ಅಂತ?"

'ಇಲ್ಲ' ಎಂಬ ಮಾತು ಗಂಟಲವರೆಗೂ ಬಂದಿತ್ತು. ಹರಿತಾ ಅದನ್ನು ನುಂಗಿಕೊಂಡಳು.

"ನನಗೆ ಅನ್ಸೋದು ಮುಖ್ಯ ಅಲ್ಲ."

"ಸರಿ ಬಿಡಿ ಹಂಗಿದ್ರೆ." ಅವನ ದನಿ ಏರಲಿಲ್ಲ. ಅದೇ ಹೆಚ್ಚು ಚುಚ್ಚಿತು. "ಅರವತ್ತೆರಡೂ ತೆಗೆದುಹಾಕಿ. ಪೆನ್ಸಿಲಲ್ಲಿ ಬರ್ದಿದ್ದೂ ಅಳಿಸ್ಬಿಡಿ."

ಬೈಕು ಚಿಂತಾಮಣಿ ರಸ್ತೆಗೆ ತಿರುಗಿ ಮರೆಯಾಯಿತು. ಅವಳು ಹಿಂದಿರುಗಬೇಕಿದ್ದ ಬಸ್ಸು ಬಂದು, ಜನ ಹತ್ತಿಸಿಕೊಂಡು ಹೋಗಿಯೂ ಬಿಟ್ಟಿತು. ಅವಳಿಗೆ ಗೊತ್ತೇ ಆಗಲಿಲ್ಲ.

* * *

"ಅರ್ಧ ಡೇಟಾ ಎಲ್ಲಿ?" ಗೈಡ್ ಸಂಘಮಿತ್ರ ಮೇಡಂ ಕನ್ನಡಕದ ಮೇಲಿಂದ ನೋಡಿದರು.

ಹರಿತಾ ಎಲ್ಲವನ್ನೂ ಹೇಳಿದಳು. ತೆಗೆದ ಮೇಲೆ ಉಳಿದ ಅರವತ್ತೆರಡು ಮನೆಗಳಿಂದ ಏನೂ ಸಾಬೀತಾಗುತ್ತಿರಲಿಲ್ಲ. ಕಿಟಕಿಗೂ ಗೂಡಿಗೂ ಸಂಬಂಧ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು! ಎರಡು ವರ್ಷದ ಓದು ಆ 'ಬಹುದು'ವಿನಲ್ಲಿ ಬಂದು ನಿಂತಿತ್ತು.

"ಟೆಸ್ಟ್ ಏನು ಹೇಳುತ್ತೆ? ಈ ಅಂಕಿ ತಾನಾಗಿ ಬಂದದ್ದಲ್ಲ ಅಂತ. ಅಷ್ಟೇ ತಾನೇ?"

"ಹೌದು ಮೇಡಂ."

"ಯಾಕೆ ಹಾಗೆ ಬಂತು ಅಂತ ಹೇಳುತ್ತಾ?"

ಹರಿತಾ ಇಲ್ಲವೆಂದು ತಲೆಯಾಡಿಸಿದಳು.

"ಅದನ್ನ ಹೇಳಿದ್ದು ನೀನು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಮ್ಮ. ನೀನು ಕಂಡೂ ಇಲ್ಲ, ಪ್ರಮಾಣಿಸಿಯೂ ಇಲ್ಲ. ಸಬ್ಮಿಶನ್‌ಗೆ ಇನ್ನು ಹನ್ನೊಂದು ದಿನ ಇದೆ. ಹೋಗು, ಕೇಳ್ಕೊಂಡು ಬಾ."

ಮರುದಿನ ಬೆಳಿಗ್ಗೆ ಮೇಲೂರಿನಲ್ಲಿ ಇಳಿದಾಗ ಅವಳ ಮನಸ್ಸು ಎರಡಾಗಿತ್ತು. 'ಅವನು ಸುಳ್ಳನಾಗಿರಲಿ, ನನ್ನ ಮಾತು ಉಳಿಯುತ್ತೆ' ಎನ್ನುವುದೊಂದು. 'ದೇವರೇ, ಅವನು ಸುಳ್ಳನಾಗದೇ ಇರಲಿ' ಎನ್ನುವುದು ಇನ್ನೊಂದು. ಎರಡನೆಯದರ ಕೈಯೇ ಮೇಲಿತ್ತೆಂದು ಓದುಗರಿಗೆ ಬೇರೆ ಹೇಳಬೇಕಿಲ್ಲ.

ಮುನಿಶಾಮಮ್ಮ ಹುಳುಮನೆಯ ಮುಂದೆ ಸೊಪ್ಪಿನ ಹೊರೆ ಬಿಚ್ಚುತ್ತಿದ್ದರು. "ಏಮಮ್ಮಾ, ಸೊಳ್ಳೆ ಕ್ರೀಮು ಹುಡ್ಗಿ ಅಲ್ವಾ ನೀನು? ಬಾ ಬಾ!"

"ಅಮ್ಮಾ... ಫೆಬ್ರವರಿಲಿ ಕನಕರಾಜ್ ಇಲ್ಲಿಗೆ ಬಂದಿದ್ರಾ?"

"ಬರ್ದೆ ಏನು! ಕಿಟಕಿ ಎಲ್ಲಾ ಎಣ್ಸಿದ. ನಮ್ದು, ಆ ಕಡೆ ಸಾಲಿನಲ್ಲಿರೋ ಹದಿಮೂರು ಹುಳಮನೆ, ಎಲ್ಲಾ ಒಂದೇ ದಿನ ಮುಗಿಸ್ದ. ಮಧ್ಯಾಹ್ನ ಮುದ್ದೆ ಇಲ್ಲೇ ತಿಂದ."

ಹರಿತಾ ತಿರುಗಿ ನೋಡಿದಳು. ತೋಟದ ಅಂಚಿನಲ್ಲಿ, ಒಂದರ ಗೋಡೆಗೆ ಇನ್ನೊಂದು ತಾಗುವಂತೆ ಹುಳುಮನೆಗಳು ಸಾಲಾಗಿ ನಿಂತಿದ್ದವು. ಎಣಿಸಿದಳು. ಹದಿನಾಲ್ಕು.

"ಅದಕ್ಕೆ ಹಿಂದಿನ ಬೆಳೆ... ಎಷ್ಟು ಇಳುವರಿ ಬಂದಿತ್ತಮ್ಮಾ?"

"ಎಪ್ಪತ್ತೊಂಬತ್ತು."

ಫಾರಂ ತೆಗೆದು ನೋಡಿದಳು. ಎಪ್ಪತ್ತೊಂಬತ್ತು!

"ಮಾರ್ಕೆಟ್ ಚೀಟಿ ಇದೆಯಾ ಅಮ್ಮಾ?"

ಗೋಡೆಯ ಮೊಳೆಗೆ ನೇತುಹಾಕಿದ ತಂತಿಯಲ್ಲಿ ಚೀಟಿಗಳನ್ನೆಲ್ಲ ಚುಚ್ಚಿಟ್ಟಿದ್ದರು. ಆ ಬೆಳೆಯದನ್ನು ಹುಡುಕಿ, ತೂಕವನ್ನು ಮೊಟ್ಟೆಯ ಲೆಕ್ಕಕ್ಕೆ ಹಂಚಿದಳು. ಬಂದದ್ದು ಹೆಚ್ಚುಕಡಿಮೆ ಎಂಬತ್ತು.

"ಅಮ್ಮಾ, ಇದು ಎಂಬತ್ತು ಆಗುತ್ತೆ. ನೀವು ಎಪ್ಪತ್ತೊಂಬತ್ತು ಅಂದ್ರಲ್ಲ?"

ಮುನಿಶಾಮಮ್ಮ ಗಾಬರಿಯಿಂದ ಒಮ್ಮೆ ಹುಳುಮನೆಯ ಕಡೆ ನೋಡಿ, ದನಿ ತಗ್ಗಿಸಿದರು. "ಮೆಲ್ಲಗೆ ಮಾತಾಡಮ್ಮ! ಮನೇಲಿ ಹುಳ ಇರೋವಾಗ ತುಂಬಿದ ಲೆಕ್ಕ ಬಾಯಲ್ಲಿ ಆಡ್ತಾರಾ? ದೃಷ್ಟಿ ಆಗಲ್ವಾ? ಎಂಬತ್ತು ಅಂದ್ರೆ ತುಂಬ್ತು. ಎಂಬತ್ತೈದೂ ತುಂಬಿದ್ದೇ. ಒಂದು ಕಡಿಮೆ ಹೇಳ್ಬೇಕು. ಆಗ ಮುಂದಿನ್ ಬೆಳೆ ತುಂಬುತ್ತೆ."

"ಎಲ್ಲರೂ ಹಾಗೇ ಹೇಳ್ತಾರಾ?"

"ಹುಳ ಮೇಯಿಸೋರು ಯಾರಾದ್ರೂ ಬೇರೆ ಥರ ಹೇಳ್ತಾರೇನಮ್ಮ? ಗೂಡು ಮಾರಿ ಕೈ ತೊಳ್ಕೊಂಡ ಮೇಲೆ ಎಷ್ಟಾದ್ರೂ ಹೇಳ್ಕೊ."

ಹರಿತಾ ಕಲ್ಲಿನ ಮೇಲೆ ಕುಳಿತಳು. ಮೊದಲ ದಿನ ಅವನು ಕೂರಿಸಿದ್ದ ಅದೇ ಕಲ್ಲು.

ಅವಳು ಕೇಳಿದ್ದು ಗೂಡು ಮಾರಿ ಬಂದವರನ್ನು. ಅವನು ಕೇಳಿದ್ದು ಮನೆಯಲ್ಲಿ ಹುಳು ಇದ್ದವರನ್ನು. ಅವರು ಹೇಳಿದ್ದನ್ನು ಅಕ್ಷರ ಬಿಡದೆ ಬರೆದಿದ್ದ... ಅಷ್ಟೇ!

ಕೊನೆಯ ಫಾರಂ ತೆಗೆದಳು. ಮನೆ ನಂಬರ್ ಅರವತ್ತೆರಡು. ಕೆಂಚಾರ್ಲಹಳ್ಳಿ. ಅದು ಅವನದೇ ಮನೆ. ಇಳುವರಿ: ಎಂಬತ್ನಾಲ್ಕು. ತನ್ನ ಮನೆಗೂ ಒಂದು ಕಡಿಮೆಯನ್ನೇ ಬರೆದಿದ್ದ! ಅವನಿಗೆ ಅದು ಹೇಳಬೇಕಾದ ವಿಷಯವೆಂದೇ ಹೊಳೆದಿರಲಿಲ್ಲ.

ಅಂದು ಅಂಕಿ ಮಾತ್ರ ನೋಡಿದವಳು ಪಕ್ಕದ ಪೆನ್ಸಿಲ್ ಸಾಲನ್ನು ಈಗ ಓದಿದಳು.

'ಇದು ನಮ್ಮನೆ. ಒಂದ್ಸಲ ಬನ್ನಿ. ಅಮ್ಮ ನೋಡ್ಬೇಕಂತೆ.'

"ಅಯ್ಯೋ, ಯಾಕಮ್ಮ ಅಳ್ತೀಯಾ? ನಾನೇನಾದ್ರೂ ಅಂದ್ನಾ?"

ಹರಿತಾ ಫಾರಂ ಮಡಿಸಿ ಫೋನ್ ಕೈಗೆತ್ತಿಕೊಂಡಳು.

* * *

ಫೋನ್ ಮಾಡಿದಳು. ಎತ್ತಲಿಲ್ಲ. ಮೆಸೇಜ್ ಹಾಕಿದಳು. ಓದಿದ ಗುರುತಿನ ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ.

ಎಂಟು ದಿನ ಅವಳು ಓಡಿದ ಓಟ! ಶಿಡ್ಲಘಟ್ಟದಿಂದ ಚಿಂತಾಮಣಿ, ಅಲ್ಲಿಂದ ಹಳ್ಳಿ ಹಳ್ಳಿ. ನಾಯಿ ಇರುವ ಮನೆಗೆ ಹಿಂದಿನ ಬಾಗಿಲಿನಿಂದಲೇ ಹೋದಳು. ಮದುವೆ ಸರ್ವೇನಾ ಎಂದ ಅಜ್ಜಿಯೂ ಸಿಕ್ಕರು. "ಆ ಹುಡ್ಗ ಅಲ್ಲ ಅಂದ, ನೀನೇನಂತೀಯಾ?" ಎಂದರು. ಹರಿತಾ ಕಣ್ಣೊರೆಸಿಕೊಂಡು, "ಚೀಟಿ ತೋರ್ಸಿ ಅಜ್ಜಿ" ಎಂದಳು.

ಅರವತ್ತೊಂದು ಮನೆ ಮುಗಿದವು. ಅರವತ್ತೆರಡನೆಯದರ ಬಸ್ಸು ಹತ್ತಲು ಅವಳಿಗೆ ಧೈರ್ಯ ಬರಲಿಲ್ಲ.

ವೈವಾ ದಿನ ಹೊರಗಿನಿಂದ ಬಂದ ಪರೀಕ್ಷಕರು, ಬಿಳಿ ಮೀಸೆಯವರು, ಥೀಸಿಸ್ಸಿನ ನಡುವೆ ಬೆರಳಿಟ್ಟು ಕೇಳಿದರು. "ಈ ಅರವತ್ತೆರಡು ಅಂಕಿಗಳ ಕೊನೆ ಅಂಕೆ ನೋಡಿದ್ದೀರಾ? ಯಾರೋ ಕೂತು ಬರೆದ ಹಾಗಿದೆ."

ಹರಿತಾಳ ಕಣ್ಣು ಬಾಗಿಲಿನತ್ತ ಹೋಯಿತು. ಯಾವಾಗ, ಎಲ್ಲಿ ಎಂದು ಅವನಿಗೆ ಮೆಸೇಜ್ ಹಾಕಿದ್ದಳು. ಬಾಗಿಲಲ್ಲಿ ಯಾರೂ ಇರಲಿಲ್ಲ.

"ನೋಡಿದ್ದೀನಿ ಸರ್. ನಾನೂ ಮೊದಲು ಹಾಗೇ ಅಂದ್ಕೊಂಡು ಇದನ್ನ ತಂದವರ ಮೇಲೆ ತಪ್ಪು ಹೊರಿಸ್ದೆ. ನಾಲ್ಕನೇ ಅಧ್ಯಾಯದಲ್ಲಿ ಅದನ್ನೂ ಬರ್ದಿದ್ದೀನಿ." ತುಂಬಿದ ಲೆಕ್ಕದ ಪದ್ಧತಿಯನ್ನು ವಿವರಿಸಿದಳು. "ಅರವತ್ತೊಂದು ಮನೆಯ ಚೀಟಿ ನೋಡಿದೆ. ಇಳುವರಿಯನ್ನ ಹತ್ತಿರದ ಐದಕ್ಕೋ ಸೊನ್ನೆಗೋ ನಿಲ್ಲಿಸಿ, ಅದರಲ್ಲಿ ಸರಿಯಾಗಿ ಒಂದು ಕಡಿಮೆ ಹೇಳಿದ್ದು ಐವತ್ತೇಳು ಕಡೆ. ಉಳಿದ ನಾಲ್ಕು ಮನೆಯವರು ಚೀಟಿಯಲ್ಲಿದ್ದದ್ದನ್ನೇ ಹೇಳಿದ್ರು, ಅವರದ್ದು ಸೊನ್ನೆಗೂ ಐದಕ್ಕೂ ಬಂದಿರ್ಲಿಲ್ಲ. ಹೆಚ್ಚುಕಡಿಮೆ ಎಲ್ಲರೂ ಒಂದೇ ಅಳತೆಯಲ್ಲಿ ಕಡಿಮೆ ಹೇಳಿದಾಗ ಗ್ರಾಫಿನ ಗೆರೆ ಸ್ವಲ್ಪ ಕೆಳಗಿಳಿಯುತ್ತೆ ಸರ್. ಅದರ ಓರೆ ಬದಲಾಗಲ್ಲ. ಗಾಳಿ ಹೆಚ್ಚಿದ ಮನೆಯಲ್ಲಿ ಗೂಡು ಹೆಚ್ಚು ಅನ್ನೋದು ಎರಡೂ ಲೆಕ್ಕದಲ್ಲಿ ಹಾಗೇ ಇದೆ."

"ಅರವತ್ತೊಂದು ಅಂದ್ರಿ. ಇನ್ನೊಂದು ಮನೆ?"

ಹರಿತಾ ತಲೆ ತಗ್ಗಿಸಿದಳು. "ಅದು ಬಾಕಿ ಇದೆ ಸರ್. ಇವತ್ತು ಹೋಗ್ತೀನಿ."

ಬಿಳಿ ಮೀಸೆ ನಕ್ಕಿತು. ಸಂಘಮಿತ್ರ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಹೊರಗೆ ಬಂದಾಗ, "ಪಾಸಾದೆ ಕಣೇ. ಮುಖ ಯಾಕೆ ಹೀಗಿದೆ?" ಎಂದರು. ಅಷ್ಟರಲ್ಲಿ ಅವಳು ಮೆಟ್ಟಿಲು ಇಳಿದಾಗಿತ್ತು.

* * *

ಕೆಂಚಾರ್ಲಹಳ್ಳಿಯಲ್ಲಿ ಬಿಸಿಲು ಇನ್ನೂ ಇಳಿದಿರಲಿಲ್ಲ.

ಹುಳುಮನೆ ಅಂಗಳದಲ್ಲೇ ಕಂಡಿತು. ಕಿಟಕಿಗಳಿಗೆ ಒದ್ದೆ ಗೋಣಿತಾಟು ಇಳಿಬಿಟ್ಟಿದ್ದರು. ಹರಿತಾ ಮುಡಿದಿದ್ದ ಹೂವನ್ನು ಬೇಲಿಯ ಮೇಲಿಟ್ಟಳು. ತೊಟ್ಟಿಯಲ್ಲಿ ಎರಡು ಸಲ ಕೈ ತೊಳೆದಳು. ಸೋಂಕು ತಡೆಯಲು ಸುಣ್ಣ ಹರಡಿದ್ದ ತಟ್ಟೆಯಲ್ಲಿ ಕಾಲಿಟ್ಟು, ಹೊಸ್ತಿಲ ಈಚೆಗೇ ನಿಂತಳು.

ಒಳಗೆ ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದ ಕನಕರಾಜ್ ತಲೆಯೆತ್ತಿದ. ಕೈ ನಿಂತಿತು.

"ಕ್ರೀಮು ಹಚ್ಕೊಂಡಿಲ್ಲ," ಎಂದಳು. ಅಷ್ಟು ದಿನ ಕಟ್ಟಿಟ್ಟುಕೊಂಡ ಮಾತುಗಳಲ್ಲಿ ಅದೊಂದೇ ಹೊರಗೆ ಬಂತು.

"ಹುಳ ಗೂಡು ಕಟ್ತಾ ಇತ್ತು. ವೈವಾಗೆ ಬರೋಕಾಗ್ಲಿಲ್ಲ." ಅವನು ಕಣ್ಣು ಕೊಡಲಿಲ್ಲ.

"ಬರ್ಬೇಕು ಅಂದ್ಕೊಂಡಿದ್ರಾ?"

ಅವನು ಇನ್ನೊಂದು ಹುಳುವನ್ನು ಚಂದ್ರಿಕೆಗೆ ಬಿಟ್ಟ.

ಹರಿತಾ ಥೀಸಿಸ್ ತೆರೆದಳು. ಕೃತಜ್ಞತೆಯ ಪುಟವನ್ನು ಮಾತ್ರ ಕನ್ನಡದಲ್ಲಿ ಬರೆದಿದ್ದಳು. "ಇದರ ಅರ್ಧ ಅಂಕಿಗಳು ಕನಕರಾಜ್ ಅವರವು. ಅವರು ಕೇಳಿದ್ದನ್ನು ಕೇಳಿದ ಹಾಗೇ ಬರೆದರು. ನಾನು ಅವರನ್ನೇ ಕೇಳದೆ..." ಮುಂದೆ ಓದಲಾಗಲಿಲ್ಲ. ಅಕ್ಷರಗಳೆಲ್ಲ ಮಂಜಾದವು.

"ತಪ್ಪಾಯ್ತು... ಬಸ್ ಸ್ಟ್ಯಾಂಡಲ್ಲಿ ನೀವು ಕೇಳಿದ್ರಲ್ಲ, ನಿಮ್ಗೇ ಅನ್ಸುತ್ತಾ ಅಂತ. ಅನ್ಸಿರ್ಲಿಲ್ಲ. ಒಂದು ಕ್ಷಣಾನೂ ಅನ್ಸಿರ್ಲಿಲ್ಲ! ಅದನ್ನ ಹೇಳೋಕೆ ಹೆದರ್ಕೊಂಡೆ."

ಕನಕರಾಜ್ ಬಾಗಿಲವರೆಗೂ ಬಂದ. ಅವನ ಕಣ್ಣೂ ಒದ್ದೆಯಾಗಿತ್ತು.

"ಅಂಕಿ ತಪ್ಪು ಅಂದಿದ್ರೆ ಬೇಜಾರಾಗ್ತಿರ್ಲಿಲ್ಲ ಹರಿತಾ. ಯಾಕೆ ಹಿಂಗಿದೆ ಅಂತ ಒಂದ್ಸಲ ಕೇಳಿದ್ರೆ ಸಾಕಾಗಿತ್ತು. ನಾನೂ ಅಷ್ಟೇ ಬಿಡಿ... ಕೋಪದಲ್ಲಿ ಫೋನ್ ಎತ್ಲಿಲ್ಲ. ಮೆಸೇಜು ಮಾತ್ರ ದಿನಾ ಓದ್ತಿದ್ದೆ."

"ಕನಕಾ, ಯಾರೋ ಅದು?" ಅಡುಗೆಮನೆಯಿಂದ ಅವನ ತಾಯಿ ಲಕ್ಷ್ಮೀನರಸಮ್ಮ ಇಣುಕಿದರು. ಅವಳನ್ನು ಮೇಲಿಂದ ಕೆಳಗೆ ನೋಡಿ, "ಓಹೋ... ರಾ ತಲ್ಲಿ, ಬಾಮ್ಮ! ಕಿಟಕಿ ಹುಡ್ಗಿನಾ? ನಿನ್ ದೆಸೆಯಿಂದ ಇವ್ನು ಒಂದ್ ತಿಂಗ್ಳಿಂದ ಮುದ್ದೆನ ಅರ್ಧಕ್ಕೇ ಬಿಟ್ಟು ಏಳ್ತಿದಾನೆ. ಕೂತ್ಕೊ, ಕಾಫಿ ಇಡ್ತೀನಿ," ಎಂದು ಒಳಗೆ ಹೋದರು.

ಇಬ್ಬರಿಗೂ ನಗು ಬಂತು. ಹರಿತಾ ನಗುತ್ತಲೇ ಫಾರಂ ತೆಗೆದಳು. "ಅರವತ್ತೆರಡನೇ ಮನೆ. ಚೀಟಿ ತೋರ್ಸಿ."

ಅವನು ತಂದುಕೊಟ್ಟ. ಲೆಕ್ಕ ಹಾಕಿದಳು. ಎಂಬತ್ತೈದು. ಏನೂ ಹೇಳದೆ ಬರೆದುಕೊಂಡಳು. ಪೆನ್ನು ಮುಚ್ಚಲಿಲ್ಲ.

"ಇನ್ನೊಂದು ಪ್ರಶ್ನೆ ಇದೆ. ಫಾರಂನಲ್ಲಿ ಇಲ್ಲದ್ದು."

"ಕೇಳಿ."

"ನಾನಂದ್ರೆ... ನೂರಕ್ಕೆ ಎಷ್ಟು ಇಷ್ಟ?"

ಕನಕರಾಜ್ ಒಂದು ಕ್ಷಣವೂ ಯೋಚಿಸಲಿಲ್ಲ. "ತೊಂಬತ್ತೊಂಬತ್ತು."

ಹರಿತಾ ಅವನನ್ನು ನೋಡಿದಳು. ಅವನ ಹಿಂದೆ, ಚಂದ್ರಿಕೆಯಲ್ಲಿ ನೂಲು ಬಿಡುತ್ತಿದ್ದ ಹುಳುಗಳನ್ನು ನೋಡಿದಳು. ಈ ಸಲ ಅವಳು ಯಾವ ಪರೀಕ್ಷೆಯನ್ನೂ ಮಾಡಲಿಲ್ಲ. ಕಣ್ಣೀರು ಮಾತ್ರ ಕೆನ್ನೆಯ ಮೇಲೆ ಇಳಿಯಿತು.

"ಗೂಡು ಬಿಡಿಸೋದು ಯಾವತ್ತು?" ಎಂದು ಕೇಳಿದಳು.

"ಇನ್ನು ಐದು ದಿನ. ಯಾಕೆ?"

"ಅವತ್ತು ಮತ್ತೆ ಬಂದು ಇದೇ ಪ್ರಶ್ನೆ ಕೇಳ್ತೀನಿ."

"ಬಾ," ಎಂದ ಅವನು. ಮೊದಲ ಸಲ ಅವಳನ್ನು ಏಕವಚನದಲ್ಲಿ ಕರೆದಿದ್ದ. "ಅವತ್ತು ಪೂರ್ತಿ ಹೇಳ್ತೀನಿ."